ಡಿಸ್ಕ್ ಹಳತಾದರೂ ಅಡ್ಡಿಲ್ಲ, ಟಯರ್ ಹಳತಾಗಬಾರದು

ನಮ್ಮ ಕಡೆ ಹಳೇ ಓಮ್ನಿ ಇನ್ನೂ ರಸ್ತೆ ಬಿಟ್ಟಿಲ್ಲ. ಕಂಪನಿ 2019ರಲ್ಲೇ ಅದನ್ನು ಮಾಡುವುದು ನಿಲ್ಲಿಸಿತು. ಆದರೂ ಬೆಳಿಗ್ಗೆ ಕುಂದಾಪುರದ ಶಾಸ್ತ್ರಿ ಸರ್ಕಲ್ ಹತ್ತಿರ ಹತ್ತು ನಿಮಿಷ ನಿಂತರೆ ನಾಲ್ಕೈದು ಓಮ್ನಿಯಾದರೂ ಕಣ್ಣಿಗೆ ಬೀಳುತ್ತವೆ. ಒಂದರಲ್ಲಿ ಮೀನಿನ ಬುಟ್ಟಿ, ಇನ್ನೊಂದರಲ್ಲಿ ಅಡುಗೆಯವರ ಪಾತ್ರೆ, ಮತ್ತೊಂದರಲ್ಲಿ ವಯರಿಂಗ್ ಮಾಡುವವರ ಏಣಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದ ಈ ಗಾಡಿ ಮೂವತ್ತೈದು ವರ್ಷ ತಯಾರಾಯಿತು. 796 ಸಿಸಿಯ ಸಣ್ಣ ಎಂಜಿನ್, ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಕಟ್ಟಬಲ್ಲ ಮೆಶಿನು. ಹಾಗಾಗಿ ಎಂಜಿನ್ ಚಿಂತೆ ಯಾರಿಗೂ ಇಲ್ಲ. ಚಿಂತೆ ಇರುವುದು ಕೆಳಗೆ, ಚಕ್ರದಲ್ಲಿ.

ನಮ್ಮ ಭಾವ ಯಕ್ಷಗಾನದಲ್ಲಿ ಮದ್ದಳೆಗಾರರು. ಹಾಲಾಡಿ ಕಡೆ ಮನೆ. ನವೆಂಬರಿನಿಂದ ಮೇವರೆಗೆ ಒಂದು ಹರಕೆ ಮೇಳದಲ್ಲಿ ತಿರುಗಾಟ. ಮೇಳಕ್ಕೆ ಬಸ್ಸಿದ್ದರೂ ಅವರು ಹೆಚ್ಚಾಗಿ ತಮ್ಮ ಓಮ್ನಿಯಲ್ಲೇ ಹೋಗುತ್ತಾರೆ. ಹಿಂದಿನ ಸೀಟು ಮಡಚಿ ಅದರ ಮೇಲೆ ಹಲಗೆ ಹಾಕಿ, ಹಲಗೆ ಮೇಲೆ ಹಾಸಿಗೆ ಹಾಕಿದ್ದಾರೆ. ಒಂದು ನೀರಿನ ಕ್ಯಾನ್, ಒಂದು ಸಣ್ಣ ಗ್ಯಾಸ್ ಒಲೆ, ಚಾ ಪಾತ್ರೆ, ಕಿಟಕಿಗೆ ಅಕ್ಕನ ಹಳೇ ಸೀರೆಯ ಪರದೆ. ಬೆಳಗಿನ ಜಾವ ಆಟ ಮುಗಿದ ಮೇಲೆ ಗದ್ದೆ ಬದಿಯಲ್ಲೋ ದೇವಸ್ಥಾನದ ಹೊರಗೋ ಗಾಡಿ ನಿಲ್ಲಿಸಿ ಹತ್ತು ಗಂಟೆವರೆಗೆ ನಿದ್ದೆ. ಪೇಟೆಯವರು ಕ್ಯಾಂಪರ್ ವ್ಯಾನ್ ಅಂತ ಲಕ್ಷಗಟ್ಟಲೆ ಕೊಟ್ಟು ಮಾಡಿಸುತ್ತಾರಲ್ಲ, ಭಾವನದ್ದು ಅದೇ, ಹೆಸರು ಮಾತ್ರ ಇಲ್ಲ.

ಮೇ ಕೊನೆಗೆ ಹತ್ತನಾವಧಿ ಬರುತ್ತದೆ, ತುಳುವಿನಲ್ಲಿ ಪತ್ತನಾಜೆ ಅನ್ನುತ್ತಾರೆ. ತಿರುಗಾಟ ಮುಗಿದು ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಮಳೆಗಾಲದ ಚಿಕ್ಕಮೇಳ. ಒಬ್ಬ ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ, ಒಂದು ಗಂಡುವೇಷ, ಒಂದು ಹೆಣ್ಣುವೇಷ. ಸಂಜೆ ಆರರಿಂದ ಹತ್ತೂವರೆವರೆಗೆ ಮನೆಮನೆಗೆ ಹೋಗಿ ಪ್ರಸಂಗದ ಒಂದು ತುಣುಕು ಆಡಿ, ದೀಪದ ಮುಂದೆ ಇಟ್ಟ ಕಾಣಿಕೆ ತೆಗೆದುಕೊಂಡು ಮುಂದಿನ ಮನೆಗೆ. ಆಗ ಹಲಗೆ ಹಾಸಿಗೆ ಮನೆಯ ಅಟ್ಟ ಸೇರುತ್ತದೆ, ಸೀಟು ಮತ್ತೆ ಬಿಚ್ಚುತ್ತದೆ. ಐದು ಜನ, ಮದ್ದಳೆ, ಚೆಂಡೆ, ಶ್ರುತಿಪೆಟ್ಟಿಗೆ, ವೇಷದ ಗಂಟು, ಎಲ್ಲಾ ಆ ಒಂದು ಗಾಡಿಯಲ್ಲಿ. ರಾತ್ರಿ, ಮಳೆ, ಒಳದಾರಿ.

ಈ ವರ್ಷ ಮೇ ತಿಂಗಳಲ್ಲಿ ಆ ಗಾಡಿಗೆ ಎರಡು ಕೆಲಸ ಒಟ್ಟಿಗೆ ಬಿದ್ದವು. 2011ರ ಮಾಡೆಲ್, ಹದಿನೈದು ವರ್ಷ ತುಂಬಿತು, ಆರ್‌ಸಿ ನವೀಕರಣ ಆಗಬೇಕು. ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಣ. ಫಾರ್ಮ್ 25 ಹಾಕಿ, ಗಾಡಿಯನ್ನು ಇನ್‌ಸ್ಪೆಕ್ಟರರಿಗೆ ತೋರಿಸಬೇಕು. 600 ರೂಪಾಯಿ ಇದ್ದ ಕಾರಿನ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿದ್ದು ನಿಮಗೂ ನೆನಪಿರಬಹುದು. ಅದರ ಮೇಲೆ ಹಸಿರು ತೆರಿಗೆ ಬೇರೆ. ಎರಡನೇ ಕೆಲಸ, ಚಿಕ್ಕಮೇಳ ಹೊರಡುವ ಮುಂಚೆ ಚಕ್ರ ನೋಡಬೇಕು. ಹಿಂದಿನ ಎರಡು ಟಯರ್ ಬೋಳಾಗಿದ್ದವು. ಒಂದು ಡಿಸ್ಕಿನ ತೂತಿನ ಹತ್ತಿರ ಕೂದಲೆಳೆಯ ಬಿರುಕು, ಇನ್ನೊಂದರ ಅಂಚು ತುಕ್ಕು ತಿಂದು ಪದರ ಪದರ ಏಳುತ್ತಿತ್ತು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ, ನಡುವೆ ರಸ್ತೆ. ಉಪ್ಪುಗಾಳಿಯಲ್ಲಿ ಓಡಾಡುವ ಕಬ್ಬಿಣದ ಗತಿ ನಮ್ಮಲ್ಲಿ ಎಲ್ಲರಿಗೂ ಗೊತ್ತು.

ಭಾವನ ಲೆಕ್ಕ ಸರಳ. "ಎಂತಾ ಆತಿಲ್ಲ ಮಾಣಿ, ಇನ್ನೊಂದ್ ಮಳಿ ಎಳಿತ್ತ್" ಅಂದರು.

ಅಕ್ಕ ಒಳಗಿಂದಲೇ ಹೇಳಿದಳು, "ಟಯರ್ ಹಾಕ್ದೆ ಮಳಿಗಾಲಕ್ಕೆ ಗಾಡಿ ಹೊರಡುಕಿಲ್ಲ."

ಇಬ್ಬರ ನಡುವೆ ನಾನು. ಪತ್ರಿಕೆಗೆ ಸುದ್ದಿ ಕಳಿಸುವ ಕೆಲಸದಲ್ಲಿ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕು ಸುತ್ತುತ್ತೇನೆ. ಹೋದಲ್ಲೆಲ್ಲ ಅಂಗಡಿ ವಿಚಾರಿಸಿಕೊಂಡು ಬರುವ ಜವಾಬ್ದಾರಿ ನನ್ನ ತಲೆಗೆ ಬಂತು. ಮೊದಲ ಎರಡು ಕಡೆ ಭಾವನನ್ನೂ ಕರೆದುಕೊಂಡು ಹೋದೆ. ಒಟ್ಟು ಒಂದು ವಾರ ಹಿಡಿಯಿತು. ಆ ವಾರದಲ್ಲಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಂದು ಹಳೇ ವ್ಯಾನ್ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ಬ್ರಹ್ಮಾವರ. ಅಲ್ಲಿ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಟಯರ್ ಸಿಗುತ್ತದೆ ಅಂತ ಭಾವನಿಗೆ ಯಾರೋ ಹೇಳಿದ್ದರು. ಸಿಕ್ಕಿತು. ಕಪ್ಪಗೆ ಮಿರಮಿರ ಮಿಂಚುವ ಟಯರ್, ಚೆನ್ನಾಗಿ ಗುಳಿ ಇತ್ತು, ಒಂದಕ್ಕೆ 900 ರೂಪಾಯಿ. ಭಾವನ ಮುಖ ಅರಳಿತು. ನಾನು ಮೊಬೈಲ್ ಟಾರ್ಚ್ ಹಾಕಿ ಟಯರಿನ ಪಕ್ಕದಲ್ಲಿ ಹುಡುಕಿದೆ. ಡಿಒಟಿ ಎಂಬ ಮೂರು ಇಂಗ್ಲಿಷ್ ಅಕ್ಷರದಿಂದ ಶುರುವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಲ್ಲಿದ್ದದ್ದು 1415. ಅಂದರೆ 2015ರ 14ನೇ ವಾರ, ಏಪ್ರಿಲ್ ತಿಂಗಳು. ಹನ್ನೊಂದು ವರ್ಷದ ಟಯರ್. ಮಿಂಚು ಪಾಲಿಶಿನದ್ದು.

ಕೆಲವು ಟಯರಿನಲ್ಲಿ ಈ ನಾಲ್ಕು ಅಂಕಿ ಒಂದು ಬದಿಯಲ್ಲಿ ಮಾತ್ರ ಇರುತ್ತದೆ, ಆ ಬದಿ ಒಳಗೆ ಹೋಗಿರಬಹುದು. ಹೊರಗೆ ಕಾಣದಿದ್ದರೆ ಬಗ್ಗಿ ಒಳಬದಿ ನೋಡಿ. ಉಜ್ಜಿ ಅಳಿಸಿದ್ದರೆ ಅಂಥ ಟಯರ್ ಬೇಡ. ಟಯರ್ ಓಡಿಯೇ ಹಾಳಾಗಬೇಕೆಂದಿಲ್ಲ. ಸುಮ್ಮನೆ ಬಿಸಿಲಲ್ಲಿ ನಿಂತರೂ ರಬ್ಬರ್ ಗಟ್ಟಿಯಾಗುತ್ತದೆ, ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಬಿರುಕು ಬೀಳುತ್ತದೆ. ಗಟ್ಟಿಯಾದ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷ ಆದರೆ ಸವೆಯದಿದ್ದರೂ ತೆಗೆದುಬಿಡಿ ಅಂತ ಟಯರ್ ಕಂಪನಿಗಳೇ ಹೇಳುತ್ತವೆ.

ಇದನ್ನು ಕೇಳಿದ ಮೇಲೆ ಭಾವ ತಮ್ಮ ಸ್ಟೆಪ್ನಿ ತೋರಿಸಿದರು. "ಇದ್ ಕಾಣ್, ನೆಲ ಮುಟ್ಟಿದ್ದೇ ಇಲ್ಲೆ. ಹೊಸ್ತೇ ಇತ್ತ್." ನಿಜ, ಗುಳಿ ಪೂರ್ತಿ ಇತ್ತು, ಮೇಲಿನ ರಬ್ಬರಿನ ಸಣ್ಣ ಮುಳ್ಳುಗಳೂ ಉದುರಿರಲಿಲ್ಲ. ಅಂಕಿ 3510. ಗಾಡಿಗಿಂತ ಮೊದಲೇ ಹುಟ್ಟಿದ್ದು. ಬೆರಳಲ್ಲಿ ಒತ್ತಿದರೆ ತೆಂಗಿನ ಚಿಪ್ಪಿನ ಹಾಗೆ ಗಟ್ಟಿ. ಸ್ಟೆಪ್ನಿ ಅನ್ನುವುದು ಬ್ರಿಟನ್ನಿನ ವೇಲ್ಸಿನ ಒಂದು ಬೀದಿಯ ಹೆಸರು. 1904ರ ಹೊತ್ತಿಗೆ ಅಲ್ಲಿ ಇಬ್ಬರು ಅಣ್ಣತಮ್ಮ ಕಾರಿಗೆ ಬದಲಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಅಲ್ಲಿನವರು ಆ ಮಾತು ಮರೆತಿರಬಹುದು, ನಮ್ಮಲ್ಲಿ ಗ್ಯಾರೇಜಿನ ಹುಡುಗನಿಗೂ ಅದು ಮನೆಮಾತು. ಆದರೆ ಆಪತ್ತಿಗೆ ಬೇಕಾದ ಆ ಚಕ್ರವನ್ನೇ ನಾವು ಹದಿನೈದು ವರ್ಷ ತಿರುಗಿ ನೋಡುವುದಿಲ್ಲ.

ಬ್ರಹ್ಮಾವರದಿಂದ ಬರಿಗೈಯಲ್ಲಿ ಬಂದೆವು.

ಮರುದಿನ ಕುಂದಾಪುರ. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಓಮ್ನಿ ಅಂದ ಕೂಡಲೇ ಆಲ್ಟೊ ಕಾರಿನ ಹೊಸ ಟಯರ್ ತಂದು ಇಟ್ಟರು. 145/80 ಆರ್ 12. ಬೆಲೆ 2,400. "ಸೈಜ್ ಒಂದೇ, ಎಲ್ಲರೂ ಇದೇ ಹಾಕುದ್" ಅಂದರು. ಓಮ್ನಿಯ ಟಯರ್ 145 ಆರ್ 12 ಎಲ್‌ಟಿ. ಅದು 3,050. ಎರಡನ್ನೂ ಪಕ್ಕ ಪಕ್ಕ ನಿಲ್ಲಿಸಿದರೆ ಎತ್ತರ ಅಗಲ ಒಂದೇ ಹಾಗೆ ಕಾಣುತ್ತದೆ. ಅದೇ ಡಿಸ್ಕಿಗೆ ಎರಡೂ ಕೂರುತ್ತವೆ. ಹಾಗಾದರೆ 650 ರೂಪಾಯಿ ಯಾಕೆ ಹೆಚ್ಚು ಕೊಡಬೇಕು?

ಉತ್ತರ ಟಯರಿನ ಮೇಲೇ ಇದೆ. ಸೈಜಿನ ಪಕ್ಕದಲ್ಲಿ ಇನ್ನೊಂದು ಎರಡಂಕಿಯ ಸಂಖ್ಯೆ ಇರುತ್ತದೆ, ಅದು ಭಾರದ ಸಂಖ್ಯೆ. ಆಲ್ಟೊ ಟಯರಿನಲ್ಲಿ 74 ಅಂತ ಇತ್ತು. ಅಂದರೆ ಪೂರ್ತಿ ಗಾಳಿ ಇದ್ದಾಗ ಒಂದು ಟಯರ್ ಹೊರುವುದು 375 ಕೆಜಿ. ಎಲ್‌ಟಿ ಎಂದರೆ ಹೊರೆ ಗಾಡಿಯ ಟಯರ್. ಅದರಲ್ಲಿ 8 ಪಿಆರ್ ಅಂತಲೂ, 86 ಅಂತಲೂ ಇತ್ತು. 86 ಅಂದರೆ 530 ಕೆಜಿ. ಒಂದು ಟಯರಿಗೆ 155 ಕೆಜಿ ವ್ಯತ್ಯಾಸ, ಹಿಂದಿನ ಎರಡಕ್ಕೆ 310 ಕೆಜಿ.

ಓಮ್ನಿ ಖಾಲಿ ಇದ್ದಾಗಲೇ 800 ಕೆಜಿ ಹತ್ತಿರ. ಐದು ಜನ ಕೂತು, ಚೆಂಡೆ ಮದ್ದಳೆ ಗಂಟುಮೂಟೆ ಹಾಕಿದರೆ ಹಿಂದಿನ ಚಕ್ರಕ್ಕೆ ಹೆಚ್ಚು ಭಾರ ಬೀಳುತ್ತದೆ. ಕಾಗದದ ಮೇಲೆ ಲೆಕ್ಕ ಹಾಕಿದರೆ ಆಲ್ಟೊ ಟಯರೂ ಹೇಗೋ ಹೊತ್ತೀತು. ಆದರೆ ರಸ್ತೆ ಕಾಗದವಲ್ಲ. ಗುಂಡಿಗೆ ಇಳಿದಾಗ, ಹೊಸಂಗಡಿಯಿಂದ ಬಾಳೆಬರೆ ಘಾಟಿಯ ತಿರುವಿನಲ್ಲಿ ಭಾರವೆಲ್ಲ ಒಂದೇ ಬದಿಗೆ ವಾಲಿದಾಗ, ಗಾಳಿ ಸ್ವಲ್ಪ ಕಡಿಮೆ ಇದ್ದಾಗ ಉಳಿಕೆ ಅಂತ ಒಂದಿಷ್ಟು ಬಲ ಬೇಕು. ಆ ಉಳಿಕೆಗೆ ಕೊಡುವ ಬೆಲೆ 650 ರೂಪಾಯಿ. ಮೂರು ಟಯರಿಗೆ 1,950.

ಅಂಗಡಿಯವರದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಒಬ್ಬರೇ ಇಬ್ಬರೇ ಓಡಾಡುವ ಓಮ್ನಿಗೆ ಜನ ಅದನ್ನು ಹಾಕಿಸಿಕೊಂಡು ಹೋಗುತ್ತಿರಬಹುದು. ಆದರೆ ನಮ್ಮ ಗಾಡಿಯ ಹೊರೆ ಏನು ಅಂತ ಅವರು ಕೇಳಲಿಲ್ಲ. ಟಯರ್ ಕೊಳ್ಳುವಾಗ ಗಾಡಿಯ ಹೆಸರಿನ ಜೊತೆಗೆ ಎಷ್ಟು ಜನ, ಏನು ಸಾಮಾನು, ಯಾವ ದಾರಿ ಅನ್ನುವುದನ್ನು ನಾವೇ ಹೇಳಬೇಕು.

ಭಾವನಿಗೆ ಇನ್ನೊಂದು ದಾರಿ ಹೊಳೆಯಿತು, ರೀಸೋಲ್. ಬಸ್ಸು ಲಾರಿಗಳಿಗೆ ಸವೆದ ಟಯರಿನ ಮೇಲೆ ಹೊಸ ರಬ್ಬರ್ ಅಂಟಿಸುವುದು ನಡೆದು ಬಂದ ಕ್ರಮ, ಅದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೆ ಒಳಗಿನ ಎಲುಬು ಗಟ್ಟಿ ಇರಬೇಕು. ದೊಡ್ಡ ಟಯರಿನ ಎಲುಬನ್ನು ಒಂದೆರಡು ಸಲ ಸೋಲ್ ಬದಲಿಸಿ ಬಳಸುವ ಹಾಗೆಯೇ ಮಾಡಿರುತ್ತಾರೆ. ನಮ್ಮ ಸಣ್ಣ ಟಯರಿನ ಪಕ್ಕದ ಗೋಡೆ ಬಿರುಕು ಬಿಟ್ಟಿತ್ತು. ಬಿರುಕು ಬಿಟ್ಟ ಗೋಡೆಗೆ ಹೊಸ ಹೆಂಚು ಹೊದಿಸಿ ಪ್ರಯೋಜನ ಇಲ್ಲ ಅಂತ ರೀಸೋಲ್ ಮಾಡುವವರೇ ಹೇಳಿ ಕಳಿಸಿದರು. ಕೆಲಸ ಬೇಡ ಅಂದ ಅವರ ಮಾತನ್ನು ಭಾವ ನಂಬಿದರು. ನಾನು ಎರಡು ದಿನ ಹೇಳಿದ್ದಕ್ಕಿಂತ ಆ ಒಂದು ಮಾತು ಹೆಚ್ಚು ನಾಟಿತು.

ಮೂರನೆಯದು ಬೈಂದೂರು. ಅಲ್ಲಿಗೆ ಹೋದದ್ದು ಟಯರಿಗಲ್ಲ, ಡಿಸ್ಕಿಗೆ. ಹೊಸ ಡಿಸ್ಕ್ ತರಿಸುವ ಬದಲು ಗುಜರಿಯಲ್ಲಿ ಹುಡುಕಿದರೆ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತದೆ. ಓಮ್ನಿ ಲಕ್ಷಗಟ್ಟಲೆ ಓಡಿದ ಗಾಡಿ. ಅಪಘಾತಕ್ಕೆ ಸಿಕ್ಕಿದ್ದು, ಬಾಡಿ ತುಕ್ಕಾಗಿ ಮುರಿದದ್ದು ಗುಜರಿಗೆ ಬರುತ್ತಲೇ ಇರುತ್ತವೆ. ಕಬ್ಬಿಣದ ಡಿಸ್ಕಿಗೆ ವಯಸ್ಸಿನಿಂದ ತೊಂದರೆ ಇಲ್ಲ, ತುಕ್ಕು, ಪೆಟ್ಟು, ಬಿರುಕು ಇಲ್ಲದಿದ್ದರೆ ಇಪ್ಪತ್ತು ವರ್ಷದ್ದೂ ಆಗುತ್ತದೆ. ರಬ್ಬರಿಗೂ ಕಬ್ಬಿಣಕ್ಕೂ ಇರುವ ವ್ಯತ್ಯಾಸ ಇದೇ. ರಬ್ಬರ್ ಒಳಗಿಂದ ಮುದಿಯಾಗುತ್ತದೆ, ಕಣ್ಣಿಗೆ ಕಾಣುವುದು ಕಡಿಮೆ. ಕಬ್ಬಿಣ ಹಾಳಾದರೆ ಹೆಚ್ಚಾಗಿ ಮೇಲೇ ಕಾಣುತ್ತದೆ. ಹಾಗಾಗಿ ಹಣ ಉಳಿಸುವುದಿದ್ದರೆ ಡಿಸ್ಕಿನಲ್ಲಿ ಉಳಿಸಿ, ಟಯರಿನಲ್ಲಿ ಬೇಡ.

ಗುಜರಿಯಲ್ಲಿ ಡಿಸ್ಕ್ ನೋಡುವ ಕ್ರಮ ಅಲ್ಲಿನ ವೆಲ್ಡಿಂಗ್ ಮಾಡುವ ಒಬ್ಬ ಹಿರಿಯರು ತೋರಿಸಿಕೊಟ್ಟರು. ನಿಮ್ಮ ಹಳೇ ಡಿಸ್ಕನ್ನೇ ಹಿಡಿದುಕೊಂಡು ಹೋಗಿ. ಎರಡನ್ನೂ ಬೆನ್ನಿಗೆ ಬೆನ್ನು ಇಟ್ಟು ತೂತು ಹೊಂದುತ್ತದಾ, ಆಳ ಒಂದೇ ಇದೆಯಾ ನೋಡಿ. ಬೋಲ್ಟ್ ತೂತು ಗುಂಡಗೇ ಇರಬೇಕು. ಉದ್ದಕ್ಕೆ ಹರಿದಿದ್ದರೆ ಅದು ನಟ್ಟು ಸಡಿಲ ಬಿಟ್ಟು ಓಡಿಸಿದ ಡಿಸ್ಕ್. ತೂತಿನ ಸುತ್ತ ಬಣ್ಣ ಕೆರೆದು ಬಿರುಕು ಇದೆಯಾ ನೋಡಿ. ಬಿರುಕಿಗೆ ವೆಲ್ಡಿಂಗ್ ಹಾಕಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಇದನ್ನು ಹೇಳಿದ್ದು ವೆಲ್ಡಿಂಗ್ ಮಾಡುವವರೇ ಅನ್ನುವುದು ನೆನಪಿರಲಿ. ಟಯರ್ ಕೂರುವ ಒಳ ಅಂಚಿನಲ್ಲಿ ತುಕ್ಕು ಗುಳಿ ಬಿದ್ದಿದ್ದರೆ ಟ್ಯೂಬ್‌ಲೆಸ್ ಟಯರಿನ ಗಾಳಿ ನಿಲ್ಲುವುದಿಲ್ಲ. ಕೊನೆಗೆ, ಹಣ ಕೊಡುವ ಮುಂಚೆ ಒಂದು ಗಾಡಿಗೆ ಜಾಕ್ ಕೊಟ್ಟು ಡಿಸ್ಕ್ ಕಟ್ಟಿ ತಿರುಗಿಸಿ. ಅಂಚಿನ ಹತ್ತಿರ ಒಂದು ಪೆನ್ನು ಹಿಡಿಯಿರಿ. ಪೆನ್ನಿಗೂ ಅಂಚಿಗೂ ಇರುವ ಸಂದು ಹೆಚ್ಚು ಕಡಿಮೆ ಆಗುತ್ತಿದ್ದರೆ ಡಿಸ್ಕ್ ಬೆಂಡಾಗಿದೆ.

ಗುಜರಿಯವರು ಈಕೋ ಗಾಡಿಯ 13 ಇಂಚಿನ ಡಿಸ್ಕೂ ತೋರಿಸಿದರು. ಓಮ್ನಿಗೆ ಅದನ್ನು ಹಾಕಿಸಿ ಗಾಡಿ ಎತ್ತರಿಸುವ ಹುಚ್ಚು ಹುಡುಗರಲ್ಲಿ ಇದೆ. 13 ಇಂಚಿನ 155ರ ಪೂರ್ತಿ ಎತ್ತರದ ಟಯರ್ ಹಾಕಿದರೆ ಚಕ್ರ ನಮ್ಮ 12 ಇಂಚಿನದ್ದಕ್ಕಿಂತ ಶೇ. 6ರಷ್ಟು ದೊಡ್ಡದಾಗುತ್ತದೆ. ಮೀಟರ್ 60 ತೋರಿಸುವಾಗ ಗಾಡಿ 64ರ ಹತ್ತಿರ ಓಡುತ್ತಿರುತ್ತದೆ. ತಿರುವಿನಲ್ಲಿ ಟಯರ್ ಒಳಗೆ ತಾಗಬಹುದು, ಆರ್‌ಸಿ ನವೀಕರಣಕ್ಕೆ ಹೋದಾಗ ಪ್ರಶ್ನೆ ಏಳಬಹುದು. ನಾವು ಬೇಡ ಅಂದೆವು. 12 ಇಂಚಿನ ಎರಡು ಡಿಸ್ಕ್, ತಲಾ 600 ರೂಪಾಯಿಗೆ ಆರಿಸಿ ತಂದೆ. ಅಕ್ಕನ ಮಗ ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿ ಬಣ್ಣ ಹೊಡೆದ. ಬಣ್ಣಕ್ಕೆ 150.

ಬೈಂದೂರಿನಿಂದ ವಾಪಸ್ ಬರುವಾಗ ಸುದ್ದಿಯ ಕೆಲಸಕ್ಕೆ ಜಡ್ಕಲ್, ಮುದೂರು ಕಡೆ ಹೋಗಬೇಕಿತ್ತು. ಅಲ್ಲಿ ರಬ್ಬರ್ ತೋಟ ಬೇಕಾದಷ್ಟು. ಅಂಗಳದಲ್ಲಿ ಬಟ್ಟೆ ಒಣಗಿಸಿದ ಹಾಗೆ ಶೀಟು ನೇತು ಹಾಕಿರುತ್ತಾರೆ. ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಡನ್ಲಪ್ ಎಂಬ ಪಶುವೈದ್ಯ 1888ರಲ್ಲಿ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟಯರ್ ಮಾಡಿದ. ಅಲ್ಲಿಂದ ಶುರುವಾದದ್ದು ಇಂದು ನಮ್ಮ ಜಡ್ಕಲ್‌ನ ಮರದ ಚಿಪ್ಪಿನವರೆಗೆ ಬಂದು ಮುಟ್ಟಿದೆ. ನಮ್ಮ ಊರಿನ ಹಾಲು ಯಾವ ಕಂಪನಿಯ ಟಯರಿಗೆ ಹೋಗುತ್ತದೋ ನಮಗೆ ಕಾಣುವುದಿಲ್ಲ. ಆದರೆ ಅಷ್ಟು ಜನರ ಬೆಳಗಿನ ಜಾವದ ಕೆಲಸ ಇರುವ ವಸ್ತುವನ್ನು ನಾವು ಕೊಳ್ಳುವಾಗ ಕಡಿಮೆ ಬೆಲೆ ಒಂದನ್ನೇ ಕೇಳುತ್ತೇವೆ.

ಇನ್ನು ಅಸಲು ಮಾತು, ಹಣ. ಅಕ್ಕನ ಮನೆಯಲ್ಲಿ ಮೇ ತಿಂಗಳು ಅಂದರೆ ಮಕ್ಕಳ ಶಾಲೆ ಫೀಸು, ಪುಸ್ತಕ, ಮಾಡಿನ ಹೆಂಚು. ಮೇಳದ ಸಂಬಳ ಮುಗಿದಿರುತ್ತದೆ, ಚಿಕ್ಕಮೇಳದ ಕಾಣಿಕೆ ಶುರುವಾಗಿರುವುದಿಲ್ಲ. ಆ ನಡುವಿನ ತಿಂಗಳಲ್ಲಿ ಹತ್ತು ಸಾವಿರ ಎತ್ತಿಡುವುದು ಸಣ್ಣ ಮಾತಲ್ಲ. ಭಾವ ಸುಮ್ಮನೆ ಹಟ ಮಾಡಿದ್ದಲ್ಲ. ಅವರಿಗೆ ಬೇರೆ ದಾರಿ ಕಾಣದ್ದರಿಂದ "ಎಳಿತ್ತ್" ಅನ್ನುವ ಮಾತು ಬಂದದ್ದು.

ನಾನು ಸುದ್ದಿ ಬರೆಯುವವನು. "ಟಯರ್ ಸಿಡಿದು ಚಾಲಕನ ನಿಯಂತ್ರಣ ತಪ್ಪಿ" ಅನ್ನುವ ಸಾಲು ನಮ್ಮ ಜಿಲ್ಲೆಯ ಪುಟದಲ್ಲಿ ನೀವು ಎಷ್ಟೋ ಸಲ ಓದಿದ್ದೀರಿ. ಪೊಲೀಸ್ ಮಾಹಿತಿಯಲ್ಲೂ ಅಷ್ಟೇ ಇರುತ್ತದೆ. ಟಯರಿಗೆ ಎಷ್ಟು ವರ್ಷ ಆಗಿತ್ತು, ಯಾವ ಹೊರೆಯ ಟಯರ್, ಎಷ್ಟು ಜನ ಕೂತಿದ್ದರು ಅನ್ನುವುದು ಆ ಸಾಲಿನಲ್ಲಿ ಹಿಡಿಸುವುದಿಲ್ಲ. ಹೆಮ್ಮಾಡಿ ಹತ್ತಿರ ಒಮ್ಮೆ ಒಂದು ಮೀನಿನ ವ್ಯಾನ್ ಮಗುಚಿ ರಸ್ತೆ ತುಂಬಾ ಮಂಜುಗಡ್ಡೆ, ಬಂಗುಡೆ. ಪುಣ್ಯಕ್ಕೆ ಯಾರಿಗೂ ಜೀವಕ್ಕೆ ಅಪಾಯ ಆಗಲಿಲ್ಲ. ಜನ ಮೀನು ಹೆಕ್ಕುತ್ತಿದ್ದರು, ನಾನು ಸಿಡಿದ ಟಯರ್ ನೋಡಿದೆ. ಗುಳಿ ಚೆನ್ನಾಗಿತ್ತು. ಪಕ್ಕದ ಗೋಡೆ ಮಾತ್ರ ಬೇಸಿಗೆಯ ಗದ್ದೆಯ ಹಾಗೆ ಬಿರಿದಿತ್ತು. ಅದನ್ನು ಅಕ್ಕನಿಗೂ ಭಾವನಿಗೂ ಹೇಳಿದೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಚಿಕ್ಕಮೇಳ ತಿರುಗುವುದು ಸರಿಯಾಗಿ ಆಗಲೇ. ಒಂದು ಟಯರ್ ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗ ಮಾತ್ರ. ಐದು ಜನರ ಜೀವ ನಾಲ್ಕು ಅಂಗೈ ಮೇಲೆ. ಗುಳಿ ಇರುವುದು ಆ ಅಂಗೈ ಅಡಿಯ ನೀರನ್ನು ಹೊರಗೆ ದೂಡಲು. ಬೋಳು ಟಯರಿನಲ್ಲಿ ನೀರು ಹೋಗಲು ದಾರಿ ಇಲ್ಲ, ಗಾಡಿ ನೀರಿನ ಮೇಲೆ ತೇಲಿದ ಹಾಗೆ ಜಾರುತ್ತದೆ.

ಕಾನೂನಿನಲ್ಲಿ ಕಾರು ವ್ಯಾನಿನ ಟಯರಿನ ಗುಳಿ ಕಡೇಪಕ್ಷ 1.6 ಮಿಲಿಮೀಟರ್ ಇರಬೇಕು. ಅಳತೆಪಟ್ಟಿ ಬೇಡ. ಟಯರಿನ ಪಕ್ಕದ ಮೇಲ್ತುದಿಯಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಅದರ ನೇರಕ್ಕೆ ಗುಳಿಯೊಳಗೆ ಒಂದು ಸಣ್ಣ ದಿಣ್ಣೆ. ಮೇಲಿನ ರಬ್ಬರ್ ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಟಯರಿನ ಕಾಲ ಮುಗಿಯಿತು. ಭಾವನ ಹಿಂದಿನ ಟಯರಿನಲ್ಲಿ ದಿಣ್ಣೆಯೂ ಸವೆದು ಹೋಗಿತ್ತು. ಅದನ್ನು ಅವರ ಬೆರಳಿನಿಂದಲೇ ಮುಟ್ಟಿಸಿದೆ.

ಕೊನೆಗೆ ಆದ ತೀರ್ಮಾನ ಹೀಗೆ. ಮುಂದಿನ ಎರಡು ಟಯರ್ 2021ರ ಎಲ್‌ಟಿ ಟಯರೇ, ಗುಳಿ ಅರ್ಧ ಉಳಿದಿದೆ, ಬಿರುಕಿಲ್ಲ, ಪರಿಚಯದ ಮೆಕ್ಯಾನಿಕ್ ನೋಡಿ ಒಂದು ವರ್ಷ ಅಡ್ಡಿಲ್ಲ ಅಂದ. ಅವು ಅಲ್ಲೇ ಇರಲಿ. ಹಿಂದಿನ ಎರಡಕ್ಕೆ ಹೊಸತು, ಸ್ಟೆಪ್ನಿಗೆ ಒಂದು ಹೊಸತು. ಎರಡೇ ಹೊಸ ಟಯರ್ ಕೊಳ್ಳುವುದಾದರೆ ಹಿಂದಿನ ಚಕ್ರಕ್ಕೆ ಹಾಕಿ ಅಂತ ತಿಳಿದವರು ಹೇಳುತ್ತಾರೆ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿದರೆ ಹಿಡಿತಕ್ಕೆ ಬರಬಹುದು. ಹಿಂದಿನದು ಜಾರಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಒಂದೇ ಅಚ್ಚಿನ ಎರಡು ಬದಿಗೆ ಬೇರೆ ಬೇರೆ ಜಾತಿಯ ಟಯರ್ ಹಾಕಬಾರದು ಅನ್ನುವುದೂ ನೆನಪಿರಲಿ.

ಲೆಕ್ಕ ಬರೆಯುತ್ತೇನೆ. ಟಯರ್ ಮೂರು, 9,150. ಗುಜರಿ ಡಿಸ್ಕ್ ಎರಡು, 1,200. ಕೂರಿಸುವುದು, ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲಾ ಸೇರಿ 900. ಬಣ್ಣ 150. ಒಟ್ಟು 11,400 ರೂಪಾಯಿ. ಟಯರಿನ ಮೇಲಿನ ಅಂಕಿ 0826, ಇದೇ ವರ್ಷದ ಫೆಬ್ರವರಿಯದ್ದು. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಳೇ ದರದಲ್ಲಾದರೆ 3,050ರ ಟಯರಿಗೆ ಸುಮಾರು 3,300 ಆಗುತ್ತಿತ್ತು. ಬಿಲ್ ಕೇಳಿ ಪಡೆಯಿರಿ. ಬಿಲ್ ಇದ್ದರೆ ತೆರಿಗೆ ಎಷ್ಟು ಹಾಕಿದ್ದಾರೆ ಅಂತ ಕಾಣುತ್ತದೆ, ವಾರಂಟಿ ಕೇಳಲಿಕ್ಕೂ ಅದೇ ಆಧಾರ. ನೈಟ್ರೋಜನ್ ಗಾಳಿಗೆ ಬೇರೆ ಹಣ ಕೇಳಿದರು, ಬೇಡ ಅಂದೆವು. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಮಾಮೂಲಿ ಗಾಳಿ ನೋಡಿದರೆ ಸಾಕು. ಚಕ್ರ ಬಿಚ್ಚಿ ಹಾಕಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿಸಿ ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಲು ಮರೆಯಬೇಡಿ.

ದುಬಾರಿ ಯಾವುದು, ಅಗ್ಗ ಯಾವುದು ಅಂತ ಇನ್ನೊಂದು ಲೆಕ್ಕ. 900 ರೂಪಾಯಿಯ ಹಳೇ ಟಯರ್ ಹತ್ತು ಸಾವಿರ ಕಿಲೋಮೀಟರ್ ಬಂದರೆ ಕಿಲೋಮೀಟರಿಗೆ 9 ಪೈಸೆ. 3,050ರ ಹೊಸತು ನಲವತ್ತು ಸಾವಿರ ಬಂದರೆ ಎಂಟು ಪೈಸೆಗೂ ಕಡಿಮೆ. ಬಡವರಿಗೆ ತೊಂದರೆ ಆಗುವುದು ಇಲ್ಲೇ. ಲೆಕ್ಕದಲ್ಲಿ ಅಗ್ಗವಾದದ್ದನ್ನು ಕೊಳ್ಳಲು ಒಟ್ಟಿಗೆ ಹಣ ಬೇಕು, ಒಟ್ಟಿಗೆ ಹಣ ಇಲ್ಲದವರು ದುಬಾರಿಯದ್ದನ್ನೇ ಸ್ವಲ್ಪ ಸ್ವಲ್ಪವಾಗಿ ಕೊಳ್ಳುತ್ತಾರೆ.

11,400 ಎಲ್ಲಿಂದ ಬಂತು? ಅರ್ಧ ಅಕ್ಕನ ಸ್ವಸಹಾಯ ಸಂಘದ ಸಾಲ. ಉಳಿದ ಅರ್ಧಕ್ಕೆ ದಾರಿ ಮಾಡಿದ್ದು ಭಾಗವತರು. ಅವರು ವಯಸ್ಸಿನಲ್ಲಿ ಹಿರಿಯರು, ಭಾವ ಅವರ ಮಾತು ಮೀರುವುದಿಲ್ಲ. ಇಷ್ಟು ವರ್ಷ ಚಿಕ್ಕಮೇಳದ ಕಾಣಿಕೆಯಲ್ಲಿ ಗಾಡಿಯ ಪಾಲು ಅಂತ ಒಂದಿಷ್ಟು ತೆಗೆದು ಭಾವನಿಗೆ ಕೊಡುತ್ತಿದ್ದರು. ಅದು ಪೆಟ್ರೋಲಿಗೆ ಸರಿಹೋಗುತ್ತಿತ್ತು. ಟಯರ್ ಸವೆದರೆ ಅದು ಗಾಡಿಯವನ ತಲೆಬಿಸಿ. "ಗಾಡಿ ನಿಮ್ದ್, ಆರೆ ಕೂಕಂಬುದ್ ನಾವ್ ಐದ್ ಜನ ಅಲ್ದಾ" ಅಂದರಂತೆ ಭಾಗವತರು. ಉಳಿದ ನಾಲ್ವರೂ ಸೇರಿ ಮುಂಗಡ ಕೊಟ್ಟರು. ಹೊರಡುವ ಮೊದಲ ದಿನ ಒಂದು ಖಾಲಿ ಡಬ್ಬಿ ತಂದು ಗಾಡಿಯ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಇಟ್ಟರು. ಪ್ರತಿ ರಾತ್ರಿ ಪಾಲು ಹಂಚುವ ಮೊದಲು ಆ ಡಬ್ಬಿಗೆ 50 ರೂಪಾಯಿ. ತಲೆಗೆ ಹತ್ತೇ ರೂಪಾಯಿ. ಪೆಟ್ರೋಲಿಗೂ ಚಾಕ್ಕೂ ಅದರಿಂದ ತೆಗೆಯುವ ಹಾಗಿಲ್ಲ.

ಆರ್‌ಸಿ ಕೆಲಸವೂ ಆಯಿತು. ಇನ್‌ಸ್ಪೆಕ್ಟರರು ಚಕ್ರ ನೋಡಿ ಮುಂದೆ ಹೋದರು. ಮುಂದಿನ ಎರಡು ಟಯರಿನ ಸರದಿ ಬರುವ ಮೇ ತಿಂಗಳಿಗೆ. ಡಬ್ಬಿಯಲ್ಲಿ ಮೊನ್ನೆವರೆಗೆ 1,700 ಆಗಿದೆ ಅಂತ ಅಕ್ಕ ಫೋನಿನಲ್ಲಿ ಹೇಳಿದಳು. ಎರಡು ಟಯರಿಗೆ ಇನ್ನೂ 4,400 ಬೇಕು. ದಿನಕ್ಕೆ ಐವತ್ತರ ಹಾಗೆ 88 ರಾತ್ರಿ.